ವಾಸಿಯಾಗದವರ ಪಾಲಿಸಿ

ನಿಮ್ಮ ಬೀರುವಿನಲ್ಲೂ ಒಂದು ಇರುತ್ತದೆ, ತೆಗೀರಿ. ಪ್ಲಾಸ್ಟಿಕ್ ಕವರಿನೊಳಗೆ, ಮನೆಪತ್ರದ ಪಕ್ಕ, ವರ್ಷವರ್ಷ ದುಡ್ಡು ಕಟ್ಟಿ ಒಂದು ಸಲವೂ ಓದದ ಆರೋಗ್ಯ ವಿಮೆ ಪಾಲಿಸಿ. ನಗುವ ಗಂಡ, ನಗುವ ಹೆಂಡತಿ, ನಗುವ ಮುದುಕರ ಚಿತ್ರಗಳನ್ನು ದಾಟಿಕೊಂಡು, ಕಂಪನಿ ಯಾವುದಕ್ಕೆಲ್ಲ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಗೆ ಬನ್ನಿ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಳ್ಳಿ. ಐದನೆಯ ನಂಬರಿನಲ್ಲಿ ನಿಲ್ಲಿ. ಎಕ್ಸ್‌ಕ್ಲೂಷನ್ 05. ಅದರಡಿ ಎರಡು ಮರಿ ಕಲಮುಗಳಿವೆ. ಮೊದಲನೆಯದರ ಸಾರ ಇದು: ಮನೆಯಲ್ಲಾಗಲಿ ನರ್ಸಿಂಗ್ ಹೋಮಿನಲ್ಲಾಗಲಿ, ರೋಗಿಗೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಹಿಡಿದು ನಡೆಸುವುದು, ಇದನ್ನು ಕಲಿತ ನರ್ಸು ಮಾಡಲಿ, ಆಯಾ ಮಾಡಲಿ, ಖರ್ಚು ನಮ್ಮದಲ್ಲ. ಎರಡನೆಯದರ ಸಾರ: ಸಾವು ಹತ್ತಿರವಾದ ರೋಗಿಗಳ ದೈಹಿಕ, ಸಾಮಾಜಿಕ, ಭಾವನಾತ್ಮಕ, ಆಧ್ಯಾತ್ಮಿಕ ಅಗತ್ಯಗಳಿಗೆ ಕೊಡುವ ಯಾವ ಸೇವೆಯೂ ನಮ್ಮದಲ್ಲ.

ಯಾವ ಸೇವೆಯೂ.

ಇದು ಯಾವನೋ ಒಬ್ಬ ಏಜೆಂಟ್ ಮಾಡಿದ ಮೋಸ ಅಂದುಕೊಳ್ಳಬೇಡಿ. ಹೈದರಾಬಾದಿನಲ್ಲಿ ಕೂತ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ, 2019ರ ಸೆಪ್ಟೆಂಬರಿನಲ್ಲಿ ಇದನ್ನು ದೇಶಕ್ಕೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದು ಕೊಟ್ಟಿತು. ಅಲ್ಲಿಯ ತನಕ ಒಂದೊಂದು ಕಂಪನಿ ಒಂದೊಂದು ಥರ ಬರೆಯುತ್ತಿತ್ತಂತೆ, ಗ್ರಾಹಕನಿಗೆ ಗೊಂದಲವಾಗುತ್ತಿತ್ತಂತೆ. ಗ್ರಾಹಕನ ಮೇಲಿನ ಕರುಣೆಯಿಂದ ಗೊಂದಲ ನಿವಾರಿಸಿದರು. ಈಗ ಯಾವ ಕಂಪನಿಯ ಬಾಗಿಲಿಗೆ ಹೋದರೂ ಅದೇ ವಾಕ್ಯ ಕಾಯುತ್ತಿರುತ್ತದೆ, ಅದೇ ನಂಬರು ಹಾಕಿಕೊಂಡು.

ಆ ನಾಲ್ಕು ಅಗತ್ಯಗಳನ್ನು ಇನ್ನೊಂದು ಸಲ ನೋಡಿ. ದೈಹಿಕ, ಸಾಮಾಜಿಕ, ಭಾವನಾತ್ಮಕ, ಆಧ್ಯಾತ್ಮಿಕ. ಇವು ಐಆರ್‌ಡಿಎಐ ಗುಮಾಸ್ತನ ತಲೆಯಲ್ಲಿ ಹುಟ್ಟಿದವಲ್ಲ. ಸಿಸಿಲಿ ಸಾಂಡರ್ಸ್ ಅನ್ನುವ ಹೆಂಗಸು, ಮೊದಲು ನರ್ಸ್ ಆಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ಡಾಕ್ಟರ್ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಹಾಸ್ಪೈಸ್, ಅಂದರೆ ಸಾಯುವವರನ್ನು ನೋಡಿಕೊಳ್ಳುವ ಮನೆ, ಕಟ್ಟಿದಳು. ಸಾಯುವವನ ನೋವು ಬರೀ ಗಡ್ಡೆಯಲ್ಲಿಲ್ಲ, ಅವನ ಮೈಯಲ್ಲಿ, ಸಂಸಾರದಲ್ಲಿ, ಮನಸ್ಸಿನಲ್ಲಿ, ನಂಬಿಕೆಯಲ್ಲಿ ಒಟ್ಟಿಗೆ ಇದೆ, ನಾಲ್ಕನ್ನೂ ಒಟ್ಟಿಗೆ ನೋಡಿಕೊಳ್ಳಬೇಕು ಅಂದವಳು ಅವಳು. ವಾಸಿಯಾಗದವರ ನೋವು ಇಳಿಸುವ ಉಪಶಾಮಕ ಆರೈಕೆಯೆಲ್ಲ ಪ್ರಪಂಚದಲ್ಲಿ ನಿಂತಿರುವುದು ಅದರ ಮೇಲೆ. ನಮ್ಮ ವಿಮೆಯವರು ಆ ನಾಲ್ಕನ್ನೂ ಹೆಕ್ಕಿ, ಒಂದನ್ನೂ ಮರೆಯದೆ, ಸಾಲಾಗಿ ಬಾಗಿಲಾಚೆ ನಿಲ್ಲಿಸಿದ್ದಾರೆ. ಅಜ್ಞಾನಿಗಳಿಂದ ಆಗುವ ಕೆಲಸವಲ್ಲ ಇದು. ಚೆನ್ನಾಗಿ ಓದಿಕೊಂಡವರೇ ಬೇಕು.

ನಾನು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಕಡೆಯವನು. ವಿಳಾಸದಲ್ಲಿ ಎ.ಕೆ. ಕಾಲೋನಿ ಅಂತ ಬರೆದಾಗಲೇ ಅರ್ಧ ಜನಕ್ಕೆ ಉಳಿದದ್ದೆಲ್ಲ ತಿಳಿದುಬಿಡುತ್ತದೆ. ಅಪ್ಪ ಅಡಿಕೆ ಸುಲಿಯುವ ಕೂಲಿ. ಸೀಸನ್ನಿನಲ್ಲಿ ಹೊಳಲ್ಕೆರೆ, ಭೀಮಸಮುದ್ರ, ಹೊಸದುರ್ಗದ ತೋಟಗಳ ಕಣದಲ್ಲಿ ಬೆಳಗಿನ ಜಾವದಿಂದ ಮೆಟ್ಟುಗತ್ತಿ ಮುಂದೆ ಕುಕ್ಕರಗಾಲಲ್ಲಿ ಕೂತವನು. ಹೊಟ್ಟೆಗೆ ಬೀಳುವುದು ತಡವಾಗುತ್ತಿತ್ತು, ಬಾಯಿಗೆ ಮಾತ್ರ ಅಡಿಕೆ, ಹೊಗೆಸೊಪ್ಪು, ಸುಣ್ಣ ಯಾವಾಗಲೂ ಇರುತ್ತಿತ್ತು. ಹಸಿವು ಸಾಯುತ್ತೆ ಕಣ್ಲಾ ಅನ್ನೋನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿದ್ದು 2004ರಲ್ಲಿ. ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಜೋರಾಗಿ ಹೇಳುವಂತಿಲ್ಲ. ಹೇಳಿದರೆ ಎಲ್ಲ ಪಕ್ಷದ ಎಂಪಿಗಳೂ ಒಟ್ಟಾಗಿ ದೆಹಲಿಗೆ ಹೋಗುತ್ತಾರೆ, ಅಡಿಕೆಯ ಮಾನ ಉಳಿಸಲಿಕ್ಕೆ. ಸುಲಿದವನ ಬಾಯಿ ಉಳಿಸಲಿಕ್ಕೆ ಯಾರೂ ರೈಲು ಹತ್ತಿದ್ದು ನಾನು ಕಂಡಿಲ್ಲ.

ಏಜೆಂಟ್ ಬಂದದ್ದು ಅಪ್ಪನ ಬಾಯಲ್ಲಿ ಹುಣ್ಣು ಕಾಣುವುದಕ್ಕಿಂತ ಎಷ್ಟೋ ಮೊದಲು. ನಾನಾಗ ಅನುದಾನಿತ ಹೈಸ್ಕೂಲಿನ ಗುಮಾಸ್ತ. ಸಂಬಳ ಬ್ಯಾಂಕಿಗೆ ಬೀಳುವ ಜನರನ್ನು ಏಜೆಂಟರು ವಾಸನೆ ಹಿಡಿದು ಬರುತ್ತಾರೆ. ಕಾಲೋನಿಗೇ ಬಂದ, ಇಸ್ತ್ರಿ ಅಂಗಿ, ಕೈಯಲ್ಲಿ ಟ್ಯಾಬು. "ಸರ್, ತಂದೆ ತಾಯೀನ ಸೇರಿಸ್ಬಿಡಿ. ನಾಳೆ ಏನಾದ್ರೂ ಆದ್ರೆ ಒಂದ್ ರೂಪಾಯಿ ಕೈಯಿಂದ ಹಾಕ್ಬೇಕಾಗಿಲ್ಲ, ಕ್ಯಾಶ್‌ಲೆಸ್." ಅವ್ವ ಚೊಂಬಿನಲ್ಲಿ ನೀರು ತಂದಿಟ್ಟಳು. "ಈಗ ತಾನೆ ಕುಡ್ಕೊಂಡು ಬಂದೆ ಅಮ್ಮ" ಅಂದ. ಆ ಬಿಸಿಲಲ್ಲಿ ಅವನ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಪ್ರೀಮಿಯಂ ಚೆಕ್ಕನ್ನು ಮಾತ್ರ ಎರಡೂ ಕೈಯಲ್ಲಿ ಈಸಿಕೊಂಡ.

ಚೆಕ್ಕಿಗೆ ಮೈಲಿಗೆ ಇಲ್ಲ.

ಆಗಿನ್ನೂ ಪ್ರೀಮಿಯಂ ಮೇಲೆ ಶೇ. 18 ಜಿಎಸ್‌ಟಿ. ವಯಸ್ಸಾದವರಿಗೆ ಪ್ರೀಮಿಯಂ ಹೆಚ್ಚು, ಹೆಚ್ಚಿದ ಪ್ರೀಮಿಯಂ ಮೇಲೆ ತೆರಿಗೆಯೂ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಅದನ್ನು ತೆಗೆದರು, ಟಿವಿಯಲ್ಲಿ ಹಬ್ಬ ಮಾಡಿದರು. ಅಷ್ಟು ವರ್ಷ ಸಾವಿನ ಭಯದ ಮೇಲೆ ತೆರಿಗೆ ಹಾಕಿದ್ದಕ್ಕೆ ಯಾರೂ ತಲೆ ತಗ್ಗಿಸಲಿಲ್ಲ.

ಪಾಲಿಸಿ ಬಂತು, ಇಂಗ್ಲಿಷಿನಲ್ಲಿ. ನಿಯಮ ಒಂದಿದೆ: ಗ್ರಾಹಕ ಕೇಳಿದರೆ ಮುಖ್ಯಾಂಶಗಳ ಹಾಳೆಯನ್ನು ಅವನ ಭಾಷೆಯಲ್ಲಿ ಕೊಡಬೇಕು, 2024ರ ಜನವರಿಯಿಂದ. ಕೇಳಿದರೆ! ಕೇಳಬಹುದು ಅನ್ನುವುದನ್ನು ಯಾವ ಭಾಷೆಯಲ್ಲಿ ತಿಳಿಸುತ್ತಾರೆ? ಹೆಬ್ಬೆಟ್ಟು ಒತ್ತಿದ ನಮ್ಮವ್ವ ಹೈದರಾಬಾದಿಗೆ ಪತ್ರ ಬರೆದು ಐದನೇ ಕಲಮನ್ನು ಕನ್ನಡದಲ್ಲಿ ತರಿಸಿಕೊಳ್ಳಬೇಕಿತ್ತು.

ಅಪ್ಪನ ಬಾಯಿಯ ಹುಣ್ಣು ಹುಣ್ಣಾಗಿ ಉಳಿಯಲಿಲ್ಲ. ಆಪರೇಷನ್, ಕರೆಂಟು, ಕೀಮೋ, ಈ ಹಂತದವರೆಗೆ ಕಂಪನಿ ದುಡ್ಡು ಕೊಟ್ಟಿತು, ಸುಳ್ಳು ಹೇಳಲಾರೆ. ಕೊಯ್ಯುವುದಕ್ಕೆ ಕೊಟ್ಟಿತು, ಸುಡುವುದಕ್ಕೆ ಕೊಟ್ಟಿತು. ರೂಮು ಮಿತಿಗಿಂತ ದುಬಾರಿಯಾಗಿತ್ತು ಅಂತ ಡಾಕ್ಟರ ಫೀಸನ್ನೂ ಅದೇ ಅನುಪಾತದಲ್ಲಿ ಕತ್ತರಿಸಿತು, ಹೋಗಲಿ. ಗಡ್ಡೆ ಮತ್ತೆ ಬಂತು. ಕೆನ್ನೆ ತೂತಾಯಿತು. ಹೆದ್ದಾರಿ ಪಕ್ಕದ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಫೈಲು ಮುಚ್ಚಿ ಅಂದರು: "ಇನ್ನೇನೂ ಮಾಡಕ್ಕಾಗಲ್ಲ. ಮನೆಗೆ ಕರ್ಕೊಂಡ್ಹೋಗಿ, ಏನು ಇಷ್ಟವೋ ಕೊಡಿ."

ಏನು ಇಷ್ಟವೋ ಕೊಡಿ! ನೀರು ಕುಡಿದರೆ ಕೆನ್ನೆಯಿಂದ ಸೋರುವವನಿಗೆ.

ನೋವು ತಡೆಯಲಾರದೆ ಅಪ್ಪ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಾಗ ಮತ್ತೆ ಅದೇ ಆಸ್ಪತ್ರೆಗೆ ಒಯ್ದೆವು. ಇನ್ಶೂರೆನ್ಸ್ ಕೌಂಟರಿನ ಹುಡುಗ ಒಳ್ಳೆಯವನೇ. ಕುರ್ಚಿ ಕೊಟ್ಟ. ದನಿ ತಗ್ಗಿಸಿ ಹೇಳಿದ: "ಸರ್, ಬರೀ ನೋವಿಗೆ ಅಂತ ಅಡ್ಮಿಟ್ ಮಾಡಿದ್ರೆ ಪಾಸಾಗಲ್ಲ. ಆಕ್ಟಿವ್ ಟ್ರೀಟ್‌ಮೆಂಟ್ ಇರ್ಬೇಕು. ಐಸಿಯುಗೆ ಹಾಕಿಸಿ, ಏನಾದ್ರೂ ಮಾಡ್ತಿದೀವಿ ಅಂತ ತೋರ್ಬೇಕು. ಸುಮ್ನೆ ಮಲಗಿಸ್ಕೊಂಡ್ರೆ ಅಪ್ರೂವಲ್ ಬರಲ್ಲ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಭಾರತದ ಖಾಸಗಿ ಆರೋಗ್ಯ ವಿಮೆಯನ್ನು ಅವನಷ್ಟು ಚೊಕ್ಕವಾಗಿ ಯಾರೂ ನನಗೆ ವಿವರಿಸಿಲ್ಲ. ಸಾಯುವವನಿಗೆ ಏನಾದರೂ *ಮಾಡಬೇಕು*. ಚುಚ್ಚಬೇಕು, ನಳಿಕೆ ಇಳಿಸಬೇಕು, ಕೈಕಾಲು ಕಟ್ಟಿ ಯಂತ್ರಕ್ಕೆ ಜೋಡಿಸಬೇಕು. ಆಗ ದುಡ್ಡು ಬರುತ್ತದೆ. ಅವನ ನೋವು ಇಳಿಸಿ, ಮೈ ಒರೆಸಿ, ಹೆಂಡತಿಯ ಕೈ ಹಿಡಿದು ಮಲಗಲು ಬಿಟ್ಟರೆ, ಅದು ಚಿಕಿತ್ಸೆಯಲ್ಲ. ಎಕ್ಸ್‌ಕ್ಲೂಷನ್ 05.

ಲೆಕ್ಕ ಬಿಡಿಸುತ್ತೇನೆ, ಕೇಳಿ. ಎಲ್ಲ ಕಂಪನಿಗಳೂ ಮಾರಲೇಬೇಕೆಂದು 2020ರ ಏಪ್ರಿಲ್‌ನಿಂದ ತಂದ ಬಡವರ, ಮಧ್ಯಮದವರ ಮಾದರಿ ಪಾಲಿಸಿಗೆ ಆರೋಗ್ಯ ಸಂಜೀವನಿ ಅಂತ ಹೆಸರು. ಐದು ಲಕ್ಷದ ಪಾಲಿಸಿ ಇದ್ದರೆ ಐಸಿಯು ಹಾಸಿಗೆಗೆ ದಿನಕ್ಕೆ 10,000 ರೂಪಾಯಿ ತನಕ, ಮಾಮೂಲಿ ರೂಮಿಗೆ 5,000 ತನಕ. ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು. ಇನ್ನು ಅದೇ ಪಾಲಿಸಿಯ ಬಾಲದಲ್ಲಿ ಅಂಟಿಸಿರುವ 'ಕೊಡುವುದಿಲ್ಲ' ಪಟ್ಟಿ ನೋಡಿ. ಯಾವ ಬಗೆಯ ಡೈಪರ್ ಆದರೂ ಇಲ್ಲ. ಹುಣ್ಣಾಗದಂತೆ ಮಲಗಿಸುವ ಗಾಳಿ ಹಾಸಿಗೆ, ನೀರು ಹಾಸಿಗೆ ಇಲ್ಲ. ಆಸ್ಪತ್ರೆಯಾಚೆ ಬಳಸುವ ಆಕ್ಸಿಜನ್ ಸಿಲಿಂಡರ್ ಇಲ್ಲ. ಖಾಸಗಿ ನರ್ಸ್ ಇಲ್ಲ. ಗ್ಲೌಸ್ ಇಲ್ಲ, ಮಾಸ್ಕ್ ಇಲ್ಲ, ಕೂತಲ್ಲೇ ಉಚ್ಚೆ ಹೊಯ್ಯುವ ಪಾತ್ರೆಯೂ ಇಲ್ಲ. ಟಿವಿ ಬಿಲ್ಲು, ಲಾಂಡ್ರಿ ಬಿಲ್ಲು, ಸೌಂದರ್ಯ ಸೇವೆಗಳ ಜೊತೆಯಲ್ಲಿ ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಶವಾಗಾರದ ಬಾಡಿಗೆಯೂ ಅದರಲ್ಲೇ ಇದೆ, ಯಾರಿಗಾದರೂ ಆಸೆಯಿದ್ದರೆ.

ಹಾಸಿಗೆ ಹಿಡಿದವನ ಮನೆಯಲ್ಲಿ ಒಂದು ದಿನ ಇದ್ದವರು ಯಾರಾದರೂ ಆ ಪಟ್ಟಿ ನೋಡಿದರೆ ನಡುಗುತ್ತಾರೆ. ಮನೆಯಲ್ಲಿ ಸಾಯುವ ಮನುಷ್ಯನಿಗೆ ಬೇಕಾದದ್ದೇನು ಅಂತ ಕೇಳಿ ಕೇಳಿ, ಬರೆದುಕೊಂಡು ಬಂದು, ಅದನ್ನೇ 'ಕೊಡುವುದಿಲ್ಲ' ಅಂತ ಅಚ್ಚು ಹಾಕಿಸಿದ ಹಾಗಿದೆ.

ಒಂದು ಸಂದು ಇದೆ, ನ್ಯಾಯವಾಗಿ ಅದನ್ನೂ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಆಸ್ಪತ್ರೆಯ ಕ್ಲೈಮ್ ಪಾಸಾಗಿದ್ದರೆ, ಡಿಸ್ಚಾರ್ಜ್ ಆದ ಮೇಲೆ ಅದೇ ಕಾಯಿಲೆಗೆ ಕೊಳ್ಳುವ ಮಾತ್ರೆ, ಮಾಡಿಸುವ ಪರೀಕ್ಷೆಗಳ ಬಿಲ್ಲು ಕೊಟ್ಟು ದುಡ್ಡು ಕೇಳಬಹುದು. ಸಂಜೀವನಿಯಲ್ಲಿ 60 ದಿನ. ದುಬಾರಿ ಪಾಲಿಸಿಗಳಲ್ಲಿ 90, 180. ಕ್ಯಾನ್ಸರ್ ಬಂದವರಿಗೆಂದೇ ಮಾರುವ ಒಂದೆರಡು ಪಾಲಿಸಿಗಳಲ್ಲಿ ಹಾಸ್ಪೈಸ್ ಅನ್ನುವ ಸಣ್ಣ ಕಲಮೂ ಇದೆ, ಮಿತಿಯೊಳಗೆ. ಡೊಮಿಸಿಲಿಯರಿ ಅನ್ನುವುದೂ ಇದೆ: ಆಸ್ಪತ್ರೆಯಲ್ಲಿ ಕೊಡಬೇಕಾದ ಚಿಕಿತ್ಸೆಯನ್ನು ರೋಗಿ ಅಲುಗಾಡುವ ಸ್ಥಿತಿಯಲ್ಲಿಲ್ಲದ ಕಾರಣಕ್ಕೆ ಮನೆಯಲ್ಲೇ ಕೊಟ್ಟರೆ. ಆದರೆ ಚಿಕಿತ್ಸೆಯೇ ಮುಗಿದವನಿಗೆ ಅದೂ ಬಾಗಿಲು ಹಾಕಿಕೊಳ್ಳುತ್ತದೆ.

ಈಗ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ತೆಗೆಯಿರಿ. ಕ್ಯಾನ್ಸರ್ ಅಂತ ಗೊತ್ತಾದರೆ ಒಂದೇ ಗಂಟು ದುಡ್ಡು. ಒಳಗೊಂದು ಷರತ್ತು, ಸರ್ವೈವಲ್ ಪೀರಿಯಡ್ ಅಂತ. ಕಾಯಿಲೆ ಗೊತ್ತಾದ ಮೇಲೆ ಸಾಮಾನ್ಯವಾಗಿ 30 ದಿನ ಬದುಕಿರಬೇಕು, ಮಧ್ಯೆ ಸತ್ತರೆ ಗಂಟು ಇಲ್ಲ. ಕೆಲವು ಟರ್ಮ್ ಜೀವವಿಮೆಗಳಲ್ಲಿ ಇನ್ನೊಂದು: ಆರು ತಿಂಗಳೊಳಗೆ ಸಾಯುತ್ತಾನೆ ಅಂತ ಡಾಕ್ಟರುಗಳು ಬರೆದುಕೊಟ್ಟರೆ ಸಾವಿನ ದುಡ್ಡನ್ನು ಮುಂಚೆಯೇ ಕೊಡುತ್ತಾರೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಬ್ಬ ಆದರ್ಶ ರೋಗಿಯ ಚಿತ್ರ ಮೂಡುತ್ತದೆ. ಅವನು ಮೂವತ್ತು ದಿನಕ್ಕೆ ಮೊದಲು ಸಾಯಬಾರದು. ಡಿಸ್ಚಾರ್ಜ್ ಆಗಿ ಅರವತ್ತು ದಿನ ದಾಟಿ ನರಳಬಾರದು. ಆರು ತಿಂಗಳಿಗಿಂತ ಒಂದು ದಿನವೂ ಹೆಚ್ಚು ಆಸೆ ಇಟ್ಟುಕೊಳ್ಳಬಾರದು.

ಅರವತ್ತೊಂದನೇ ದಿನದ ನೋವು ಅವನ ಸ್ವಂತದ್ದು.

ಕಂಪನಿಯವರ ವಾದ ನನಗೆ ಗೊತ್ತು, ಒಬ್ಬ ದೊಡ್ಡ ಮನುಷ್ಯ ಚಿತ್ರದುರ್ಗದ ಹೋಟೆಲಿನಲ್ಲಿ ದೋಸೆ ತಿನ್ನುತ್ತ ವಿವರಿಸಿದ. ವಿಮೆ ಅನ್ನುವುದು ಆಗಬಹುದು, ಆಗದಿರಬಹುದು ಅನ್ನುವಂಥದ್ದಕ್ಕೆ. ಸಾವು ಖಚಿತ. ಖಚಿತವಾದದ್ದಕ್ಕೆ ವಿಮೆ ಮಾಡಿಸಿದರೆ ವ್ಯವಹಾರ ಮುಳುಗುತ್ತದೆ. ಭೇಷ್! ಹಾಗಾದರೆ ಜೀವವಿಮೆ ಅಂತ ಇಷ್ಟು ವರ್ಷ ಮಾರಿದ್ದು ಏನನ್ನು? ಸಾಯುವುದಿಲ್ಲ ಅಂದುಕೊಂಡವರಿಗೆ ಮಾರಿದ್ದೇ? ಖಚಿತವಾಗಿ ಸಾಯುವವನ ಐಸಿಯು ಬಿಲ್ಲನ್ನು ಕಟ್ಟುವಾಗ ಆ ತತ್ವಶಾಸ್ತ್ರ ಎಲ್ಲಿ ಹೋಗಿರುತ್ತದೆ? ಅಮೆರಿಕದ ಬಂಡವಾಳಶಾಹಿಗಳೇ 1980ರ ದಶಕದಲ್ಲಿ ತಮ್ಮ ಮೆಡಿಕೇರ್‌ಗೆ ಹಾಸ್ಪೈಸ್ ಸೇರಿಸಿದರು. ಎಲ್ಲದರಲ್ಲೂ ಅವರನ್ನು ಕಾಪಿ ಹೊಡೆಯುವ ನಮ್ಮವರು ಅದೊಂದನ್ನು ಮಾತ್ರ ಕಾಪಿ ಹೊಡೆಯಲಿಲ್ಲ.

ಮಗನಾಗಿ ನಾನು ಸಹಿ ಹಾಕಿ ಅಪ್ಪನನ್ನು ಮನೆಗೆ ಕರೆತಂದೆ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಏನಿತ್ತು ಗೊತ್ತೇ? ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇನೆ ಅಂತ. ಮನೆಗೆ ಕರ್ಕೊಂಡ್ಹೋಗಿ ಅಂದವರೂ ಅವರೇ, ಅದು ಅವರ ಸಲಹೆಗೆ ವಿರುದ್ಧ ಅಂತ ಬರೆಸಿಕೊಂಡವರೂ ಅವರೇ.

ಊರಿಗೆ ತಂದ ಮೇಲೆ ಮಾರ್ಫಿನ್ ಹುಡುಕಾಟ. ಒಂದು ಸತ್ಯ ಹೇಳಲೇ? ಮಾರ್ಫಿನ್ ಮಾತ್ರೆ ಅಗ್ಗ, ಒಂದಕ್ಕೆ ಕೆಲವೇ ರೂಪಾಯಿ. ಅದನ್ನು ತೆಗೆಯುವ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಬೆಳೆಯುತ್ತಾರೆ, ಹೊರದೇಶಗಳಿಗೆ ಕಳಿಸುತ್ತಾರೆ. 1985ರ ಮಾದಕವಸ್ತು ಕಾಯ್ದೆಯ ಹೆದರಿಕೆಗೆ ಔಷಧಿ ಅಂಗಡಿಗಳು, ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿ ದಾರಿ ಸುಲಭ ಮಾಡಿದರು. ದಾರಿ ದೆಹಲಿಯಲ್ಲಿ ಸುಲಭವಾಯಿತು, ಹೊಸದುರ್ಗದ ಬಸ್‌ಸ್ಟ್ಯಾಂಡಿನ ತನಕ ಬರಲಿಲ್ಲ. ಹೊಳಲ್ಕೆರೆಯಲ್ಲಿ ಕೇಳಿದೆ, ಹೊಸದುರ್ಗದಲ್ಲಿ ಕೇಳಿದೆ, ಹಿರಿಯೂರಿನಲ್ಲಿ ಕೇಳಿದೆ. ಒಬ್ಬ ಅಂಗಡಿಯವನು ಚೀಟಿಯನ್ನು ನೋಡಲಿಲ್ಲ, ನನ್ನ ಮುಖ, ಅಂಗಿ, ಚಪ್ಪಲಿ ನೋಡಿದ. "ಇದನ್ನೆಲ್ಲ ಯಾಕಪ್ಪ ಕೇಳ್ತೀಯ, ಪೊಲೀಸ್ ಕೇಸಾಗತ್ತೆ" ಅಂದ. ಪಕ್ಕದಲ್ಲಿ ನಿಂತ ಇಸ್ತ್ರಿ ಅಂಗಿಯವನಿಗೆ 'ಸರ್', ನನಗೆ 'ಯಾಕಪ್ಪ'.

ಅಪ್ಪನ ನೋವಿಗೂ ಜಾತಿ ಸರ್ಟಿಫಿಕೇಟ್ ಬೇಕಾಯಿತು.

ಇನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, 1999ರಿಂದ ಒಂದು ಪೈಸೆ ತೆಗೆದುಕೊಳ್ಳದೆ ಕ್ಯಾನ್ಸರ್ ಕೊನೆಯ ಹಂತದವರನ್ನು ಇಟ್ಟುಕೊಳ್ಳುವ ಕರುಣಾಶ್ರಯ ಇದೆ. ಅವರ ಮೇಲೆ ನನ್ನದೊಂದು ಕೆಟ್ಟ ಮಾತೂ ಇಲ್ಲ. ಆದರೆ ದಾನಿಗಳ ದುಡ್ಡಿನಲ್ಲಿ ನಡೆಯುವ ಒಂದು ಮನೆ, ವಿಮೆ ಕಂಪನಿಗಳು ಕೈಬಿಟ್ಟ ಇಡೀ ರಾಜ್ಯವನ್ನು ಹೊರಬೇಕೇ? ಮಾತು ನಿಂತ, ಕೆನ್ನೆ ತೂತಾದ ಮುದುಕನನ್ನು ಐಮಂಗಲ, ಹಿರಿಯೂರು ದಾಟಿಸಿ ಅಲ್ಲಿಗೆ ಒಯ್ದು, ಅವನ ಸನ್ನೆಯನ್ನು ಬಲ್ಲ ಒಬ್ಬರೂ ಇಲ್ಲದ ಕಡೆ ಬಿಡಬೇಕೇ? ಅಪ್ಪ ಕೈಸನ್ನೆಯಲ್ಲಿ ಬೇಡ ಅಂದ. ಅಷ್ಟೇ ಅವನಿಗೆ ಉಳಿದ ಆಯ್ಕೆ.

ಸರ್ಕಾರದ ಮಾತು ಬಂದರೆ ನಗು ಬರುತ್ತದೆ. ಉಪಶಾಮಕ ಆರೈಕೆಗೆ ರಾಷ್ಟ್ರೀಯ ಕಾರ್ಯಕ್ರಮ 2012ರಿಂದ ಇದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೂ ಅದರ ಹೆಸರಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಿಪಿಎಲ್ ಸಂಸಾರಕ್ಕೆ ವರ್ಷಕ್ಕೆ ಐದು ಲಕ್ಷ ಅನ್ನುತ್ತದೆ, ಆದರೆ ಅದೂ ಆಸ್ಪತ್ರೆಗೆ, ಪ್ಯಾಕೇಜಿಗೆ, ಪ್ರೊಸೀಜರಿಗೆ. ಮಂಚದ ಮೇಲೆ ಮಲಗಿ ಸಾಯುವುದಕ್ಕೆ ಪ್ಯಾಕೇಜ್ ಕೋಡ್ ಯಾರು ಬರೆಯಬೇಕು? ಗಡಿಯಾಚೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ಮಾಡಿ ಪಂಚಾಯ್ತಿಗಳ ಹೆಗಲಿಗೆ ಹಾಕಿತು. ಕಾಸರಗೋಡಿನಲ್ಲಿ, ಎಂಡೋಸಲ್ಫಾನ್ ಸುರಿದು ಹಾಳಾದ ಎಣ್ಮಕಜೆಯಲ್ಲಿ ಕನ್ನಡ ಮಾತಾಡುವವನಿದ್ದಾನಲ್ಲ, ಅವನು ಹಾಸಿಗೆ ಹಿಡಿದರೆ ಮನೆಗೆ ನರ್ಸನ್ನು ಕಳಿಸಬೇಕಾದದ್ದು ಅವನ ಪಂಚಾಯ್ತಿಯ ಕೆಲಸ. ಅದೇ ಕನ್ನಡ ಮಾತಾಡುವ ನಮ್ಮಪ್ಪನಿಗೆ ಪಂಚಾಯ್ತಿ ಮಾಡಿದ್ದು ಮರಣ ಪ್ರಮಾಣಪತ್ರದಲ್ಲಿ ಹೆಸರು ತಪ್ಪು ಬರೆದದ್ದು.

ದಾವಣಗೆರೆ 1997ರ ತನಕ ನಮ್ಮದೇ ಜಿಲ್ಲೆ. ಅಲ್ಲಿನ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯಿಂದ ಸಾಯುವ ಹಕ್ಕು ಕೊಡಿ ಅಂತ ವರ್ಷಗಟ್ಟಲೆ ಬರೆದರು, ರಾಷ್ಟ್ರಪತಿಗೆ, ಪ್ರಧಾನಿಗೆ, ಕಂಡಕಂಡವರಿಗೆ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಅದನ್ನು ಹಕ್ಕು ಅಂದಿತು, 2023ರಲ್ಲಿ ವಿಧಾನವನ್ನು ಸ್ವಲ್ಪ ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು: ವಾಸಿಯಾಗುವ ಭರವಸೆ ಇಲ್ಲದವನಿಂದ ಯಂತ್ರ ತೆಗೆಯಬೇಕಾದರೆ ಡಾಕ್ಟರುಗಳ ಎರಡು ಮಂಡಳಿ, ಹತ್ತಿರದವರ ಒಪ್ಪಿಗೆ, ಮ್ಯಾಜಿಸ್ಟ್ರೇಟ್‌ಗೆ ಪ್ರತಿ. ಆ ಅಜ್ಜಿಗೆ ಕೈ ಮುಗಿಯುತ್ತೇನೆ. ಆದರೆ ಹಕ್ಕಿನ ಮಾರನೇ ದಿನದ ಬೆಳಗ್ಗೆ ಏನಾಗುತ್ತದೆ, ಯೋಚಿಸಿ. ಯಂತ್ರ ತೆಗೆದರು. ಇನ್ನು ಉಳಿದದ್ದು ನೋವಿಲ್ಲದ ಹಾಗೆ ನೋಡಿಕೊಳ್ಳುವುದು. ಆ ಕ್ಷಣಕ್ಕೆ ಅವನು ಕೋರ್ಟಿನ ಘನತೆಯಿಂದ ಇಳಿದು ಪಾಲಿಸಿಯ ಐದನೇ ಕಲಮಿಗೆ ಬೀಳುತ್ತಾನೆ. ಯಂತ್ರ ಬೇಕು ಅಂದವನಿಗೆ ಕಂಪನಿ ದುಡ್ಡು ಕಟ್ಟುತ್ತದೆ. ಬೇಡ ಅಂದವನಿಗೆ ಕಟ್ಟುವುದಿಲ್ಲ. ಇದಕ್ಕೆ ಹಕ್ಕು ಅನ್ನುತ್ತೀರಾ, ದಂಡ ಅನ್ನುತ್ತೀರಾ?

ಹೆಣಕ್ಕೆ ಮಾತ್ರ ಮರ್ಯಾದೆ ಸಿಕ್ಕಿದೆ, ಒಪ್ಪಿಕೊಳ್ಳುತ್ತೇನೆ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ, ಚಿಕಿತ್ಸೆಯಲ್ಲಿರುವಾಗ ಪಾಲಿಸಿದಾರ ಸತ್ತರೆ ಕಂಪನಿ ತಕ್ಷಣ ಕ್ಲೈಮ್ ನೋಡಿ ಹೆಣವನ್ನು ತಕ್ಷಣ ಬಿಡಿಸಿಕೊಡಬೇಕು. ಒಳ್ಳೆಯ ನಿಯಮ. ಉಸಿರು ನಿಂತ ಮೇಲೆ ಘನತೆ ಶುರುವಾಗುತ್ತದೆ, ಅದಕ್ಕೆ ಮೊದಲು ಕಾಯಬೇಕು.

ಮನೆಯಲ್ಲಿ ನೋಡಿಕೊಂಡವರು ಯಾರು? ಪಟ್ಟಣದಿಂದ ಹೋಮ್ ನರ್ಸ್ ಒಬ್ಬಳನ್ನು ಸಾಲ ಮಾಡಿ ಕರೆಸಿದೆ. ಸಂಜೆ ಅವ್ವನನ್ನು ಕೇಳಿದಳಂತೆ, "ನೀವು ಯಾವ ಜನ?" ಬೆಳಿಗ್ಗೆ ಅವಳ ಬ್ಯಾಗೂ ಇರಲಿಲ್ಲ, ಅವಳೂ ಇರಲಿಲ್ಲ. ಆಮೇಲೆ ಎಲ್ಲ ಅವ್ವನೇ. ಕೆನ್ನೆಯ ತೂತಿಗೆ ಹತ್ತಿ ತುರುಕಿದಳು. ಹುಳ ಬಿದ್ದಾಗ ಟರ್ಪೆಂಟೈನ್ ಹಾಕಿ ಒಂದೊಂದೇ ತೆಗೆದಳು. ಹೇಲು ಉಚ್ಚೆ ಬಳಿದಳು. ಬೆನ್ನಿನ ಹುಣ್ಣು ತ್ಯಾವವಾಗದ ಹಾಗೆ ತನ್ನ ಹಳೇ ಸೀರೆ ಹರಿದು ಹಾಸಿದಳು, ಕೊನೆಗೆ ಉಡಲಿಕ್ಕೆ ಒಂದು ಜೊತೆ ಉಳಿಯಿತು. ಇದಕ್ಕೆಲ್ಲ ಪಾಲಿಸಿಯ ಇಂಗ್ಲಿಷಿನಲ್ಲಿ ಕಸ್ಟೋಡಿಯಲ್ ಕೇರ್ ಅಂತಾರೆ. ಕೊಡುವುದಿಲ್ಲ. ಹೆಂಡತಿಯರು, ಸೊಸೆಯರು, ಹೆಣ್ಣುಮಕ್ಕಳು ಪುಕ್ಕಟೆ ಮಾಡಿಯೇ ಮಾಡುತ್ತಾರೆ ಅನ್ನುವ ಗ್ಯಾರಂಟಿಯ ಮೇಲೆ ಈ ಕಲಮು ನಿಂತಿದೆ. ಈ ದೇಶದಲ್ಲಿ ಅದಕ್ಕಿಂತ ಗಟ್ಟಿಯಾದ ಗ್ಯಾರಂಟಿ ಇನ್ನೊಂದಿಲ್ಲವಲ್ಲ.

ನೆಂಟರ ವಿಷಯಕ್ಕೂ ಬರುತ್ತೇನೆ, ಬರೀ ಕಂಪನಿಯನ್ನು ಬೈದು ನಮ್ಮವರನ್ನು ಬಿಟ್ಟರೆ ಅದು ಬಂಡಾಯವಲ್ಲ, ಭಟ್ಟಂಗಿತನ. ವಾಸನೆಗೆ ಹೆದರಿ ಬೀದಿಯಲ್ಲೇ ನಿಂತು ಮಾತಾಡಿಸಿ ಹೋದವರು ಹನ್ನೊಂದನೇ ದಿನ ಪಂಕ್ತಿಯಲ್ಲಿ ಕೂತಿದ್ದರು. ಗಾಳಿ ಹಾಸಿಗೆಗೆ ಸಾಲ ಕೇಳಿದಾಗ ಕೈ ತಿರುವಿದ ದೊಡ್ಡಪ್ಪನ ಮಗ, ತಿಥಿ ಊಟಕ್ಕೆ ತಾನೇ ಬಡ್ಡಿ ದುಡ್ಡು ತಂದುಕೊಟ್ಟ, "ಜನ ಆಡ್ಕೋಬಾರ್ದು ಕಣೋ, ಪಾಯಸ ಇರ್ಲಿ" ಅಂತ. ಕೊನೆಯ ವಾರಗಳಲ್ಲಿ ಅಪ್ಪ ಗಂಟಲಿಗೆ ಗಂಜಿ ಇಳಿಯದೆ ಸತ್ತ ಮನೆಯಲ್ಲಿ ಪಾಯಸ ಸಾಲದೆ ಬಂತು ಅಂತ ಜಗಳ ಆಯಿತು. ಯಾರಿಗೂ ನಾಚಿಕೆಯಾಗಲಿಲ್ಲ.

ಅವ್ವ ಮಾಡಿದ ಕೆಲಸಕ್ಕೆ ನಾನು ಬಿಲ್ಲು ಹಾಕಿದೆ. ಹುಚ್ಚು ಅನ್ನಿ. ಉದ್ಯೋಗಖಾತ್ರಿಯಲ್ಲಿ ಆ ವರ್ಷ ಕರ್ನಾಟಕದ ದಿನಗೂಲಿ 349 ರೂಪಾಯಿ. ಚರಂಡಿ ಹೂಳೆತ್ತುವುದಕ್ಕೆ ಸರ್ಕಾರ ಕೊಡುತ್ತಿದ್ದ ಕೂಲಿ. ಹಗಲಿಗೆ ಮಾತ್ರ ಹಾಕಿದೆ, ರಾತ್ರಿ ಪಾಳಿ ಬಿಟ್ಟೆ. ಸಾಬೂನು, ಹತ್ತಿ, ಟರ್ಪೆಂಟೈನ್, ಹಳೇ ಸೀರೆಗಳ ಬೆಲೆ ಬೇರೆ. ಕೆಲಸದ ವಿವರ ಅನ್ನುವ ಕಾಲಂನಲ್ಲಿ ಅವರದೇ ಪಾಲಿಸಿಯ ಇಂಗ್ಲಿಷ್ ಸಾಲನ್ನು ಇದ್ದ ಹಾಗೇ ಬರೆದೆ, ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಹಿಡಿದು ನಡೆಸುವುದು. ಕಂಪನಿಗೆ ಕಳಿಸಿದೆ. ತಿರಸ್ಕರಿಸಿದರೆ ಬೆಂಗಳೂರು ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್‌ಗೆ ಹೋಗುವುದು ಅಂತಲೂ ಲೆಕ್ಕ ಹಾಕಿದ್ದೆ, ಅಲ್ಲಿ ಫೀಸಿಲ್ಲ. ಸೋಲುತ್ತೇನೆ ಅಂತ ಗೊತ್ತಿತ್ತು. ಸೋಲನ್ನು ಅವರ ಲೆಟರ್‌ಹೆಡ್ಡಿನಲ್ಲಿ, ಸಹಿ ಸಮೇತ ಪಡೆಯಬೇಕಿತ್ತು.

ಲೆಟರ್‌ಹೆಡ್ಡೂ ಬರಲಿಲ್ಲ. ಫೋನಿಗೆ ಮೆಸೇಜು ಬಂತು. ನಿಮ್ಮ ಮನವಿ ಪಾಲಿಸಿ ಷರತ್ತುಗಳ ಪ್ರಕಾರ ಪರಿಗಣನೆಗೆ ಬರುವುದಿಲ್ಲ, ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಸ್ಟಾರ್ ಕೊಡಿ.

ಅವ್ವನಿಗೆ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಎಷ್ಟು ಕೊಟ್ರೆ ಕೂಲಿ ಕೊಡ್ತಾರಂತೆ ಕೇಳ್ಲಾ" ಅಂದಳು.